ಜಡೆ ಹಾಕುವವಳ ಕೂದಲು

ನನ್ನ ಅತ್ತೆಯ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಮದುವೆಯಾಗಿ ಯಶವಂತಪುರದಿಂದ ಯಲಹಂಕದ ಹಳೇ ಊರಿನ ಆ ಮನೆಗೆ ಬಂದ ಮೊದಲ ಶುಕ್ರವಾರ, ಅವರು ತಲೆಗೆ ಎರೆದುಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಕೂದಲು ಒಣಗಿಸುತ್ತಿದ್ದರು. ಬಿಂದಿಗೆ ಹೊತ್ತಿದ್ದ ನಾನು ಅದನ್ನು ಇಳಿಸುವುದನ್ನೂ ಮರೆತು ನೋಡುತ್ತ ನಿಂತೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗೆ ಹತ್ತೊಂಬತ್ತು. ನನ್ನ ಜಡೆ ಹೆಗಲು ದಾಟುವಷ್ಟರಲ್ಲಿ ಇಲಿಬಾಲವಾಗಿ ಮುಗಿದುಹೋಗುತ್ತಿತ್ತು.

ಅತ್ತೆ ಮದುಮಗಳನ್ನು ಸಿಂಗರಿಸುವ ಕೆಲಸ ಮಾಡುತ್ತಿದ್ದರು. ಅದರಲ್ಲೂ ಮೊಗ್ಗಿನ ಜಡೆಗೆ ಅವರ ಕೈ ಹೆಸರುವಾಸಿ. ಅರಳದ ಮಲ್ಲಿಗೆ ಮೊಗ್ಗನ್ನು ಬಾಳೆಪಟ್ಟೆಯ ಮೇಲೆ ಒಂದೊಂದಾಗಿ ಹೊಲಿದು, ನಡುನಡುವೆ ಕನಕಾಂಬರ, ಮರುಗ ಸೇರಿಸಿ, ಹುಡುಗಿಯ ಜಡೆಯ ಮೇಲೆ ನೆತ್ತಿಯಿಂದ ಸೊಂಟದ ಕೆಳಗಿನವರೆಗೂ ಕೂರಿಸುತ್ತಿದ್ದರು. ಹುಣಸಮಾರನಹಳ್ಳಿ, ಹೆಬ್ಬಾಳ, ಅಬ್ಬಿಗೆರೆಯಿಂದಲೂ ಅವರನ್ನು ಕರೆದೊಯ್ಯಲು ಎತ್ತಿನ ಗಾಡಿ ಬರುತ್ತಿತ್ತು.

ಕೆಲಸಕ್ಕೆ ಹೊರಡುವ ದಿನ ಮೊದಲು ತಮ್ಮನ್ನೇ ಸಿಂಗರಿಸಿಕೊಳ್ಳುತ್ತಿದ್ದರು. ಕೆನ್ನೆಗೆ ತೆಳುವಾಗಿ ಅರಿಸಿನ, ಹಣೆಗೆ ಕಾಸಗಲದ ಕುಂಕುಮ, ಎಣ್ಣೆ ಹಾಕಿ ಬಿಗಿದ ಜಡೆ, ಅದರ ತುದಿಗೆ ಕುಚ್ಚು. ಒಂದು ಕೂದಲೂ ಅತ್ತಿತ್ತ ಹಾರಾಡುವಂತಿರಲಿಲ್ಲ. ನಾನೊಮ್ಮೆ, "ಮದುವೆ ಹೆಣ್ಣಿಗಿಂತ ನಿಮ್ಮ ತಯಾರಿನೇ ಜಾಸ್ತಿ ಆಯ್ತಲ್ಲ ಅತ್ತೆಮ್ಮ," ಅಂದೆ.

"ನಾನು ವಸ್ಲು ದಾಟ್ದಾಗ ಅವ್ರು ಮೊದ್ಲು ನೋಡೋದು ನನ್ ತಲೇನೇ ಮಗಾ," ಅಂದರು. "ಇದು ನೆಟ್ಟಗಿದ್ರೆ ತಮ್ ಉಡ್ಗೀನ ನನ್ ಮುಂದೆ ಕೂರಿಸ್ತಾರೆ."

ಎರಡು ವರ್ಷ ಅವರ ಜೊತೆ ಮೊಗ್ಗಿನ ಬುಟ್ಟಿ ಹಿಡಿದು ಓಡಾಡಿ ನಾನೂ ಕೆಲಸ ಕಲಿತೆ. ಮೂರನೆಯ ವರ್ಷ ಮಾರ್ನವಮಿ ಕಳೆದ ಮೇಲೆ ಅತ್ತೆಗೆ ವಿಷಮಜ್ವರ ಬಂತು. ಬದುಕುವುದೇ ಕಷ್ಟ ಅನ್ನುವಂತಿತ್ತು. ಬದುಕಿದರು. ಆದರೆ ಜ್ವರ ಬಿಟ್ಟು ಎದ್ದು ಕೂತ ಮೇಲೆ, ಬಾಚಿದರೆ ಬಾಚಣಿಗೆಯ ತುಂಬ, ಮಲಗಿದರೆ ದಿಂಬಿನ ತುಂಬ ಕೂದಲು. ತಲೆಯ ಮೇಲೆ ಅಲ್ಲಲ್ಲಿ ಗೊಂಚಲು ಮಾತ್ರ ಉಳಿದಾಗ ಒಂದು ಬೆಳಿಗ್ಗೆ ಅತ್ತೆ ಮಾವನ ಕೈಗೆ ಕತ್ತರಿ ಕೊಟ್ಟರು. ಮಾವ ರೈಲ್ವೇ ಗೇಟಿನಲ್ಲಿ ಕೆಲಸಕ್ಕಿದ್ದರು. ಮಾತು ಕಡಿಮೆ. ಅವರು ಅತ್ತೆಯ ಹಿಂದೆ ಮಂಡಿಯೂರಿ ಕೂತು, ಉಳಿದದ್ದನ್ನೆಲ್ಲ ಮೆಲ್ಲಗೆ ಕತ್ತರಿಸಿ, ಅದನ್ನು ಮೊದಲೇ ಉದುರಿದ್ದ ಕೂದಲಿನ ಜೊತೆ ಒಂದು ಪಂಚೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, ಟೋಪಿ ಹಾಕಿಕೊಂಡು ಡ್ಯೂಟಿಗೆ ಹೋದರು.

ಸುದ್ದಿ ಊರೂರಿಗೆ ತಿಳಿಯಿತು. ನೋಡಿ ಹೋಗಲು ಬಂದ ಹೆಂಗಸರು ಮರುಕಪಟ್ಟು ಕಾಫಿ ಕುಡಿದು ಹೋದರು. ಅವರ ಮನೆಗಳ ಮದುವೆಗೆ ಮಾತ್ರ ಗಾಡಿ ಬರಲಿಲ್ಲ. ಒಬ್ಬಾಕೆ ನಿಷ್ಠುರವಾಗಿ ನನಗೇ ಹೇಳಿದರು: "ತನ್ ತಲೇನೇ ಉಳಿಸ್ಕೊಳ್ದೋಳು ನಮ್ ಮಗೀನ ತಲೆ ಮುಟ್ಟೋದು ಎಂಗವ್ವಾ? ನೋಡ್ದೋರು ಮುಂಡೆ ಅನ್ಕೋತಾರೆ." ಅದೇ ದೊಡ್ಡ ಮಾತು. ಆ ಕಾಲದಲ್ಲಿ ತಲೆ ಬೋಳಾದ ಹೆಂಗಸೆಂದರೆ ಗಂಡ ಸತ್ತವಳು ಎಂದೇ ಲೆಕ್ಕ. ಅಂಥವಳ ನೆರಳೂ ಮದುವೆ ಹೆಣ್ಣಿನ ಮೇಲೆ ಬೀಳಬಾರದು.

ಹೂವಿನ ತೋಟದ ಸಾಹುಕಾರರ ಮನೆಯ ಮದುವೆಗೆ ಅತ್ತೆ ತಮ್ಮ ಬದಲು ನನ್ನನ್ನು ಕಳಿಸಿದರು. ಆ ಮನೆಯ ಯಜಮಾನಿ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಹಿಂದಕ್ಕೆ ಬಂದು ನನ್ನ ಜಡೆ ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ಎಲೆಯ ಮೇಲೆ ಊಟ ಬಡಿಸಿ, "ಪೇಟೆಯಿಂದ ಇನ್ಯಾರನ್ನೋ ಕರೆಸಿದೀವಿ ಕಣಮ್ಮ, ಬೇಜಾರು ಮಾಡ್ಕೋಬೇಡ," ಅಂದರು. ಬುಟ್ಟಿಯ ಮೊಗ್ಗೆಲ್ಲ ಮರಳಿ ಬರುವ ದಾರಿಯಲ್ಲೇ ಅರಳಿಹೋದವು.

ನಾಲ್ಕು ಬೀದಿ ಆಚೆ ಉದುರಿದ ಕೂದಲನ್ನು ಜಡೆಗೆ ಸೇರಿಸುವ ಚೌರಿಯಾಗಿ ಕಟ್ಟುವ ಒಬ್ಬ ಮುಸಲ್ಮಾನ ಹೆಂಗಸಿದ್ದರು. ನಾನು ಯಾರಿಗೂ ಹೇಳದೆ ಪಂಚೆಯ ಗಂಟನ್ನು ಅವರ ಬಳಿಗೆ ಒಯ್ದೆ. ಗಂಟು ಬಿಚ್ಚಿ ಅವರು ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನಿಮ್ ಅತ್ತೆದು ಅಲ್ವಾ ಬೇಟಿ," ಅಂದು, ಒಂದು ತಿಂಗಳು ಕೂತು, ಉದ್ದಕ್ಕೆ ಉದ್ದ ಸೇರಿಸಿ ಮೂರೂವರೆ ಅಡಿಯ ಚೌರಿ ಕಟ್ಟಿಕೊಟ್ಟರು. ಅದನ್ನು ತಂದು ಅತ್ತೆಯ ಮಡಿಲಿಗೆ ಹಾಕಿದೆ. ಅವರು ಅದನ್ನು ಮುಟ್ಟಿ, ಸವರಿ, ಮೂಸಿದರು.

"ಇದನ್ನ ಕಟ್ಕೊಂಡು ಹೊರಡಿ ಅತ್ತೆಮ್ಮ. ಮೇಲೆ ಸೆರಗು ಹೊದ್ದರೆ ಯಾರಿಗೂ ಗೊತ್ತಾಗಲ್ಲ," ಅಂದೆ.

"ನಂಗೆ ಗೊತ್ತಿರ್ತದಲ್ಲ. ಕೆಲ್ಸ ಮಾಡ್ವಾಗ ಇದೆಲ್ಲಿ ಜಾರ್ತದೋ ಅಂತ ಒಂದ್ ಕೈ ನನ್ ತಲೆ ಮ್ಯಾಲೇ ಇರ್ತದೆ. ಒಂದೇ ಕೈಲಿ ಜಡೆ ಆಕಕ್ಕಾಯ್ತದಾ?" ಅಂದು ಚೌರಿಯನ್ನು ಟ್ರಂಕಿನಲ್ಲಿಟ್ಟರು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಹುಣಸಮಾರನಹಳ್ಳಿಯಿಂದ ಒಬ್ಬಾಕೆ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಹಿಂದಿನ ಮಳೆಗಾಲದಲ್ಲಿ ಆಕೆ ಸಾಯುವಷ್ಟು ಕಾಯಿಲೆ ಬಿದ್ದಿದ್ದರಂತೆ. ಅವ್ವ ಉಳಿದರೆ ಮುಡಿ ಕೊಡುತ್ತೇನೆಂದು ಮಗಳು ಹರಕೆ ಹೊತ್ತಿದ್ದಳು. ಅವ್ವ ಉಳಿದರು. ಮಗಳು ದೇವರ ಬೆಟ್ಟ ಹತ್ತಿ ತಲೆ ಬೋಳಿಸಿಕೊಂಡು ಬಂದಳು. ಅದಾದ ಎರಡೇ ತಿಂಗಳಿಗೆ ನಂಟಸ್ತನ ಕೂಡಿಬಂತು. ಗಂಡಿನ ಕಡೆಯವರಿಗೆ ಎಲ್ಲ ಗೊತ್ತಿತ್ತು. ಇಂಥ ಮಗಳನ್ನು ಬಿಡಬಾರದೆಂದೇ ಅವರು ಆತುರಪಟ್ಟಿದ್ದರು.

"ಉಡ್ಗಿಗೆ ಮೊಗ್ಗಿನ ಜಡೆ ಆಸೆ," ಅಂದರು ಆಕೆ. "ಜಡೆ ಆಕಕ್ ಬಂದೋರೆಲ್ಲ ಬೋಳುತಲೆಗೆ ಎಂಗೆ ನಿಲ್ತದೆ, ಧಾರೆ ಓತ್ನಾಗೆ ಬಿದ್ದೋದ್ರೆ ಅಪಶಕುನ ಅಂತ ಓದ್ರು. ಜಡೆನೂ ಬ್ಯಾಡ ಫೋಟೋನೂ ಬ್ಯಾಡ ಅಂತ ಕೂತವ್ಳೆ. ನಿಮ್ ತಲೆ ಇಂಗಾಗೈತೆ ಅಂತ ಯಾರೋ ಏಳಿದ್ರು. ಅದ್ಕೇ ಬಂದೆ ಕಣಕ್ಕ."

ಅತ್ತೆ ಒಂದು ವಾರ ಸಮಯ ಕೇಳಿದರು.

ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋದವಳು ಹೌಹಾರಿದೆ. ಅತ್ತೆ ತಮ್ಮ ಎರಡಂಗುಲ ಕೂದಲಿಗೆ ಮೊಗ್ಗಿನ ಜಡೆಯಷ್ಟು ಉದ್ದ, ಭಾರದ ಒಂದು ಪಡವಲಕಾಯಿ ಕಟ್ಟಿಕೊಂಡು ಬಾವಿಯ ಸುತ್ತ ನಡೆಯುತ್ತಿದ್ದರು. ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನನ್ನನ್ನು ನೋಡಿ ಅವರೂ ನಕ್ಕರು. ನಕ್ಕ ಕುಲುಕಿಗೆ ಪಡವಲಕಾಯಿ ಕಳಚಿ ಬಿದ್ದು ಎರಡು ಹೋಳಾಯಿತು. ಅದರ ಜೊತೆ ಒಂದು ಗೊಂಚಲು ಕೂದಲೂ ಕಿತ್ತು ಬಂದಿತ್ತು. ಅವರ ಕಣ್ಣಲ್ಲಿ ನೀರಾಡಿತು.

"ಸಾಕು ಬಿಡಿ ಅತ್ತೆಮ್ಮ," ಅಂದೆ.

"ಇನ್ನೊಂದ್ ಪಡವಲಕಾಯಿ ತತ್ತಾ," ಅಂದರು.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಪಡವಲಕಾಯಿ ಪಲ್ಯ, ಪಡವಲಕಾಯಿ ಕೂಟು. ದಿನಕ್ಕೊಂದು ಬಗೆಯಲ್ಲಿ ಕಟ್ಟುತ್ತಿದ್ದರು, ಬಗ್ಗುತ್ತಿದ್ದರು, ಏಳುತ್ತಿದ್ದರು, ದೇವರ ಮುಂದೆ ಅಡ್ಡಬೀಳುತ್ತಿದ್ದರು. ಎಲ್ಲಿ ಎಳೆಯುತ್ತದೆ, ಎಲ್ಲಿ ಸಡಿಲಾಗುತ್ತದೆ ಎಂದು ತಲೆ ಹೇಳುವುದನ್ನು ಕೇಳಿಸಿಕೊಂಡು ಬೆರಳು ಮತ್ತೆ ಕಟ್ಟುತ್ತಿತ್ತು. ನಾಲ್ಕನೆಯ ದಿನ ಒಂದು ಇಡೀ ಮಧ್ಯಾಹ್ನ ಪಡವಲಕಾಯಿ ಬೀಳಲಿಲ್ಲ. ಅದನ್ನು ಕಟ್ಟಿಕೊಂಡೇ ರಾಗಿ ಬೀಸಿದರು. ಮಾವ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ನಿಂತು ನೋಡಿದರು. "ನಾನೂ ಬತ್ತೀನಿ ಮದ್ವೆಗೆ," ಅಂದರು. ಅವರು ಹಾಗೆ ತಾವಾಗಿ ಬರುತ್ತೇನೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮದುವೆಯ ದಿನ ಬೆಳಕು ಹರಿಯುವಾಗ ನಾವು ಮೂವರು ಆ ಮನೆಯ ಮುಂದೆ ಗಾಡಿ ಇಳಿದೆವು. ಅತ್ತೆ ಎಂದಿನಂತೆ ಅರಿಸಿನ, ಕುಂಕುಮ ಇಟ್ಟುಕೊಂಡಿದ್ದರು. ತಲೆಯ ಮೇಲೆ ಸೆರಗು, ಅದರಡಿ ಜಡೆಯಿಲ್ಲದ್ದು ಎದ್ದು ಕಾಣುತ್ತಿತ್ತು. ಹೊಸ್ತಿಲ ಹತ್ತಿರ ಹುಡುಗಿಯ ಅಜ್ಜಿ ಅಡ್ಡ ನಿಂತರು.

"ಯಾರವ್ವಾ ಇದು? ತಲೆ ಬೋಳಾಗಿರೋಳ್ನ ಒಳೀಕೆ ಬಿಡ್ತೀರಾ?"

ಅತ್ತೆ ಸೆರಗನ್ನು ತಾವೇ ಸರಿಸಿದರು. ಮುಳ್ಳು ಮುಳ್ಳಾಗಿ ನಿಂತಿದ್ದ ಕೂದಲು ಎಲ್ಲರಿಗೂ ಕಂಡಿತು. "ಜ್ವರ ಬಂದು ಓಯ್ತು ಕಣವ್ವ. ಬತ್ತಾ ಐತೆ," ಅಂದರು. ಆಮೇಲೆ ಗಾಡಿಯ ಕಡೆ ತೋರಿಸಿ, "ನನ್ ಯಜಮಾನ್ರು ಅಲ್ಲೇ ನಿಂತವ್ರೆ. ಬೇಕಾರೆ ಕೇಳ್ಕಳಿ," ಅಂದರು.

ರೈಲ್ವೇ ಟೋಪಿ ಹಾಕಿಕೊಂಡೇ ಬಂದಿದ್ದ ಮಾವ ಅಜ್ಜಿಗೆ ಕೈಮುಗಿದರು. ಸುತ್ತ ನಿಂತಿದ್ದವರು ನಕ್ಕರು. ಅಜ್ಜಿ ಪಕ್ಕಕ್ಕೆ ಸರಿದರು, ಮುಖ ಮಾತ್ರ ಸಡಿಲಾಗಲಿಲ್ಲ.

ಒಳಗಿನ ಕೋಣೆಯಲ್ಲಿ ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಅತ್ತೆ ಅವಳ ಎದುರಿಗೆ ಹೋಗಿ ನೆಲದ ಮೇಲೆ ಕೂತರು. ಹುಡುಗಿ ಅವರ ತಲೆಯನ್ನೇ ನೋಡಿದಳು.

"ಮುಟ್ಲಾ?" ಅಂದಳು.

"ಮುಟ್ಟವ್ವ."

ಅಂಗೈಯನ್ನು ಅತ್ತೆಯ ನೆತ್ತಿಯ ಮೇಲಿಟ್ಟು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸವರಿದಳು. "ನಂದೂ ಇಂಗೇ ಚುಚ್ತದೆ. ದಿಂಬಿನ ಮ್ಯಾಲೆ ಮಲಗಕ್ಕಾಗಲ್ಲ."

"ಅರಳೆಣ್ಣೆ ಅಚ್ಚು, ಕಮ್ಮಿ ಆಯ್ತದೆ," ಅಂದರು ಅತ್ತೆ.

ಹುಡುಗಿ ಟವೆಲ್ ಬಿಚ್ಚಿದಳು.

ಅತ್ತೆ ಅಗಸೆಬೀಜ ಬೇಯಿಸಿದ ಲೋಳೆ ಹಚ್ಚಿ ಅವಳ ಕೂದಲನ್ನು ಹಿಂದಕ್ಕೆ ತೀಡಿದರು. ಬೆರಳಿನ ಎರಡು ಗೆಣ್ಣಿನಷ್ಟಿದ್ದ ಆ ಕೂದಲನ್ನು ಸಣ್ಣ ಸಣ್ಣ ಕುಚ್ಚು ಮಾಡಿ ಒಂದೊಂದನ್ನೂ ಕಪ್ಪು ನೂಲಿನಿಂದ ಕಟ್ಟಿದರು. ಅದರ ಮೇಲೆ ಕರಿಬಟ್ಟೆಯ ಪಟ್ಟಿ ಇಟ್ಟು, ಸೂಜಿ ಚರ್ಮಕ್ಕೆ ತಾಗದಂತೆ, ಪ್ರತಿ ಕುಚ್ಚನ್ನೂ ಪಟ್ಟಿಗೆ ಹೊಲಿದರು. ಎಳೆತ ಒಂದೇ ಕಡೆ ಬೀಳದೆ ಇಡೀ ತಲೆಗೆ ಹಂಚಿಹೋಗಬೇಕು ಎನ್ನುವುದು ಪಡವಲಕಾಯಿ ಕಲಿಸಿದ ಪಾಠ. ಆಮೇಲೆ ಬುಟ್ಟಿಯ ತಳದಿಂದ ಆ ಚೌರಿಯನ್ನು ತೆಗೆದರು. ಅದನ್ನು ತಂದದ್ದು ನನಗೂ ಗೊತ್ತಿರಲಿಲ್ಲ.

"ಇದು ನನ್ ಕೂದ್ಲು," ಅಂದರು ಹುಡುಗಿಗೆ. "ಜ್ವರ್ದಾಗೆ ಓದದ್ದು. ಒಳಗೆ ಇದಿದ್ರೆ ಮೊಗ್ಗು ಕೂತ್ಕತದೆ. ಬ್ಯಾಡ ಅಂದ್ರೆ ದಾರದ್ದು ಆಕ್ತೀನಿ."

ಹುಡುಗಿ ಚೌರಿಯನ್ನು ಕೈಗೆ ತೆಗೆದುಕೊಂಡು ಅದರ ಉದ್ದ ನೋಡಿದಳು. ಆಮೇಲೆ ಅತ್ತೆಯ ತಲೆ ನೋಡಿದಳು. "ಇಷ್ಟುದ್ದ ಇತ್ತಾ ನಿಮ್ಗೆ?"

"ಇತ್ತು."

"ಇದ್ನೇ ಆಕಿ," ಅಂದಳು.

ನಾನು ಮೊಗ್ಗು ಕೊಡುತ್ತ ಹೋದೆ, ಅತ್ತೆ ಹೊಲಿಯುತ್ತ ಹೋದರು. ಎರಡು ಕೈಗಳೂ ಹುಡುಗಿಯ ತಲೆಯ ಮೇಲಿದ್ದವು. ಸೆರಗು ಜಾರಿ ಯಾವಾಗಲೋ ನೆಲಕ್ಕೆ ಬಿದ್ದಿತ್ತು, ಅವರಿಗೆ ಅದರ ಕಡೆ ಗಮನವಿರಲಿಲ್ಲ. ಕೋಣೆಗೆ ಬಂದ ಹೆಂಗಸರು ಬಂದವರು ಬಂದಲ್ಲೇ ಕೂತರು. ಕಿಟಕಿಯಿಂದ ಬಿಸಿಲು ಬಂತು. ಬಿಳಿಯ ಮೊಗ್ಗಿನ ಸಾಲು ನೆತ್ತಿಯಿಂದ ಇಳಿದು, ಭುಜ ದಾಟಿ, ಸೊಂಟ ದಾಟಿ ಬೆಳೆಯಿತು. ರವಿಕೆಗೆ ಎರಡು ಕಡೆ, ಸೊಂಟದ ಡಾಬಿಗೆ ಒಂದು ಕಡೆ ಜಡೆಯನ್ನು ಸಿಕ್ಕಿಸಿ ಭಾರ ಇಳಿಸಿದರು. ನಾನು ಎಷ್ಟೋ ಮದುವೆಗಳಲ್ಲಿ ಅವರ ಕೈ ನೋಡಿದ್ದೆ. ಆದರೆ ಆ ಹೊತ್ತು, ಮುಳ್ಳುಗೂದಲಿನ ಒಂದು ತಲೆ ಮುಳ್ಳುಗೂದಲಿನ ಇನ್ನೊಂದು ತಲೆಯ ಮೇಲೆ ಬಾಗಿ ಕೆಲಸ ಮಾಡುತ್ತಿದ್ದಾಗ, ನನ್ನ ಮೈ ಜುಮ್ಮೆಂದಿತು. ದೇವರ ಗುಡಿಯಲ್ಲೂ ನನಗೆ ಹಾಗೆ ಆಗಿದ್ದಿಲ್ಲ.

ಚಪ್ಪರದಲ್ಲಿ ಹುಡುಗಿ ಹಸೆಮಣೆ ಹತ್ತಿದಾಗ ನನ್ನ ಕಣ್ಣು ಜಡೆ ಬಿಟ್ಟು ಕದಲಲಿಲ್ಲ. ಮಾಲೆ ಹಾಕುವಾಗ ತಲೆ ಬಗ್ಗಿಸಿದಳು. ಧಾರೆಗೆ ಕೈ ಚಾಚಿದಳು. ಸಪ್ತಪದಿ ತುಳಿದಳು. ಕೊನೆಗೆ ಹಿರಿಯರಿಗೆಲ್ಲ ಒಬ್ಬೊಬ್ಬರಿಗಾಗಿ ಅಡ್ಡಬಿದ್ದಳು. ಬಿದ್ದು ಎದ್ದಾಗಲೆಲ್ಲ ಜಡೆ ಅವಳ ಬೆನ್ನಿಗೆ ಅಂಟಿಕೊಂಡೇ ಎದ್ದಿತು. ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಜಡೆಯೂ ಕಾಣುವಂತೆ ಫೋಟೋ ತೆಗೆದರು. ಫೋಟೋ ತೆಗೆಯುವವನು, "ಜಡೆ ತುದೀನ ಸ್ವಲ್ಪ ಮುಂದಕ್ಕೆ ಎಳ್ಕೊಳಮ್ಮ," ಅಂದಾಗ ಹುಡುಗಿ ಅಂಜದೆ ಎಳೆದುಕೊಂಡಳು. ನಾನೇ ಕಣ್ಣು ಮುಚ್ಚಿಕೊಂಡೆ.

ಊಟದ ಪಂಕ್ತಿಯಲ್ಲಿ ಅಜ್ಜಿ ಬಂದು ಅತ್ತೆಯ ಎಲೆಗೆ ತಾವೇ ಹೋಳಿಗೆ ಬಡಿಸಿದರು. ತಪ್ಪಾಯಿತೆಂದು ಅನ್ನಲಿಲ್ಲ. ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು ಹೋದರು.

ಹೂವಿನ ತೋಟದವರು ಮತ್ತೆಂದೂ ಕರೆಯಲಿಲ್ಲ. ಹಳೆಯ ಮನೆಗಳಲ್ಲಿ ಹಲವು ಹಾಗೇ ಕೈತಪ್ಪಿದವು. ಅತ್ತೆ ಅದನ್ನು ನೆನೆದು ಒಮ್ಮೊಮ್ಮೆ ಸಪ್ಪಗಾಗುತ್ತಿದ್ದರು. ಅದರ ಬದಲು ಬೇರೆ ಜನ ಬರತೊಡಗಿದರು. ಬಾಣಂತನದಲ್ಲಿ ಕೂದಲು ಉದುರಿದವರು, ನೆತ್ತಿಯ ಮೇಲೆ ಸುಟ್ಟ ಕಲೆಯಿದ್ದ ಒಬ್ಬ ಹುಡುಗಿ, ನಾಗಸಂದ್ರದ ಕಡೆಯಿಂದ ಬರುತ್ತಿದ್ದ ಒಬ್ಬ ಶಾಲೆಯ ಮೇಡಂ. ಬಹುಪಾಲು ಮದುವೆಗೂ ಅಲ್ಲ, ದಿನದಿನಕ್ಕೆ ತಲೆ ಹೇಗೆ ಬಾಚಿಕೊಳ್ಳಬೇಕೆಂದು ಕೇಳಲು. ಅತ್ತೆಯ ಕೂದಲು ಮತ್ತೆ ಬಂತು. ನರೆ ಬೆರೆತು, ಗುಂಗುರಾಗಿ, ಹೆಗಲವರೆಗೆ ಬಂದು ನಿಂತಿತು.

ಒಂದು ಮಧ್ಯಾಹ್ನ ನಾನು ಕಾಫಿ ಹಿಡಿದು ಹಿತ್ತಲಿಗೆ ಹೋದೆ. ಆರು ಜನ ಹೆಂಗಸರು ನುಗ್ಗೆಮರದ ನೆರಳಿನಲ್ಲಿ ಕೂತಿದ್ದರು. ಒಬ್ಬರ ತಲೆಯ ಮೇಲೂ ಸೆರಗಿರಲಿಲ್ಲ. ಶಾಲೆಯ ಮೇಡಂ ತಮ್ಮ ನೆತ್ತಿಯ ಬೋಳನ್ನು ಇನ್ನೊಬ್ಬಾಕೆಗೆ ಬೆರಳಿಟ್ಟು ತೋರಿಸುತ್ತ ಯಾವುದೋ ಮಾತಿಗೆ ಜೋರಾಗಿ ನಗುತ್ತಿದ್ದರು. ಕಾಫಿ ಆರುತ್ತಿದ್ದರೂ ಲೋಟ ಇಳಿಸಲು ಮನಸ್ಸಾಗದೆ ನಾನು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತೆ.