ಹರಳೆಣ್ಣೆಯ ವಿಮಾನ

ಕಳೆದ ತಿಂಗಳು ಬೊರಿವಲಿಯ ನಮ್ಮ ಸೊಸೈಟಿಯ ಹಿಂಬದಿಯ ಮೈದಾನದಲ್ಲಿ ಯಾರೋ ರಿಮೋಟಿನಿಂದ ಹಾರಿಸುವ ಸಣ್ಣ ವಿಮಾನವೊಂದರ ಎಂಜಿನನ್ನು ಚಾಲೂ ಮಾಡಿದರು. ಸದ್ದು ಕೇಳಿ ನೆರೆಮನೆಯವರೆಲ್ಲ ಬಾಲ್ಕನಿಗೆ ಬಂದು ನಿಂತರು. ನಾನು ಮಾತ್ರ ಅಡುಗೆಮನೆಯ ಕಿಟಕಿಯನ್ನು ಮುಚ್ಚಿದೆ. ಸದ್ದಿನ ಬೆನ್ನಿಗೇ ಸುಟ್ಟ ಹರಳೆಣ್ಣೆಯ ವಾಸನೆ ನಾಲ್ಕನೆಯ ಮಹಡಿಗೆ ಏರಿ ಬಂದಿತ್ತು. ಈಗಿನ ಇಂಥ ವಿಮಾನಗಳು ಬಹುಪಾಲು ಬ್ಯಾಟರಿಯವು ಎಂದು ಕೇಳಿದ್ದೇನೆ. ಹರಳೆಣ್ಣೆ ಬೆರೆಸಿದ ಇಂಧನ ಕುಡಿಯುವ ಹಳೆಯ ಎಂಜಿನು ನಮ್ಮ ಕಿಟಕಿಯ ಕೆಳಗೇ ಬಂದದ್ದು ಹೇಗೋ ತಿಳಿಯದು. ಆ ವಾಸನೆ ಮೂಗಿನಲ್ಲಿ ನಿಲ್ಲುವುದಿಲ್ಲ, ಗಂಟಲಿಗೆ ಇಳಿದು ನಾಲಗೆಯ ಬುಡದಲ್ಲಿ ಜಿಡ್ಡಾಗಿ ಕೂರುತ್ತದೆ. ಒಲೆಯ ಮೇಲಿದ್ದ ಸಾರನ್ನು ಅಂದು ನಾನು ಉಣ್ಣಲಾರದೆ ಹೋದೆ. ಹೇಸಿಗೆ ಎಂದರೆ ಏನೆಂದು ಜೀವನದಲ್ಲಿ ಮೊದಲು ಕಲಿತದ್ದು ಆ ವಾಸನೆಯಿಂದ. ಅದು ಯಾರ ಮೇಲಿನ ಹೇಸಿಗೆ ಎಂಬುದನ್ನು ತಿಳಿಯಲು ಬಹಳ ವರ್ಷಗಳು ಬೇಕಾದವು.

ನಾವು ಆಗ ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದೆವು. ಇದನ್ನು ಓದುವ ನಿಮ್ಮಲ್ಲಿ ಅನೇಕರು ಅಂಥ ಖೋಲಿಗಳಲ್ಲಿ ಬೆಳೆದಿರಬಹುದು: ಒಂದು ಮೂಲೆ ಅಡುಗೆಗೆ, ಒಂದು ಮೂಲೆ ಮೀಯುವ, ತೊಳೆಯುವ ಮೋರಿಗೆ, ಉಳಿದ ಜಾಗದಲ್ಲಿ ಸಂಸಾರ. ವಿಜಯಪುರದ ಕಡೆಯಿಂದ ಬಂದ ಅಪ್ಪ ಬೆಳಗಾಗುವ ಮುನ್ನವೇ ಕಟ್ಟಡದ ಕೆಲಸಕ್ಕೆ ಹೊರಟುಬಿಡುತ್ತಿದ್ದರಿಂದ, ನನ್ನ ಬಾಲ್ಯದ ಮನೆಯೆಂದರೆ ಅವ್ವ ಮತ್ತು ಅಪ್ಪನ ತಮ್ಮ ಸಂಗಪ್ಪ ಕಾಕಾ. ಕಾಕಾ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಚಾಳಿನ ಹಿಂದಿನ ಗಲ್ಲಿಯಲ್ಲಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಕಾಲೇಜುಗಳ ಮಕ್ಕಳು ಯಂತ್ರದ ಒಳಗನ್ನು ನೋಡಿ ಕಲಿಯಲೆಂದು ಅಲ್ಲಿ ಪಂಪು, ಗೇರು, ಎಂಜಿನುಗಳನ್ನು ಅರ್ಧಕ್ಕೆ ಸೀಳಿ ಮಾದರಿಗಳನ್ನು ಮಾಡುತ್ತಿದ್ದರು. ಕೊಯ್ದ ಅಂಚು ಎದ್ದು ಕಾಣಲೆಂದು ಅದಕ್ಕೆ ಕೆಂಪು ಬಣ್ಣ ಹಚ್ಚುವುದು ಆ ಕಸುಬಿನ ಪದ್ಧತಿ. ಮಧ್ಯಾಹ್ನದ ಬುತ್ತಿ ಕೊಡಲು ಹೋದಾಗಲೆಲ್ಲ ಆ ಕೆಂಪು ಅಂಚಿನ ಕಬ್ಬಿಣಗಳ ಸಾಲು, ಸ್ಟೇಷನ್ನಿನ ಹೊರಗೆ ಹೊಟ್ಟೆ ಸೀಳಿ ಹರವಿಟ್ಟ ಮೀನುಗಳಂತೆ ಕಂಡು, ನಾನು ಉಸಿರು ಬಿಗಿಹಿಡಿದು ಬುತ್ತಿಯನ್ನು ಹೊಸ್ತಿಲಲ್ಲೇ ಇಟ್ಟು ಓಡಿಬರುತ್ತಿದ್ದೆ. ಆದರೆ ಅಲ್ಲಿಯ ಹಿರಿಯ ಕೆಲಸಗಾರರು, ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಗರಗಸ ಹಿಡಿಯುವವನು ಸಂಗಪ್ಪನೊಬ್ಬನೇ ಎನ್ನುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಕಾರ್ಖಾನೆಯ ಮಾಲೀಕರು ತಾವು ಹಾರಿಸಿ ದಣಿದಿದ್ದ ಒಂದು ರೇಡಿಯೋ ವಿಮಾನವನ್ನು ಕಾಕಾನಿಗೆ ಕೊಟ್ಟರು. ರೆಕ್ಕೆ ಚಾಚಿದರೆ ನಮ್ಮ ಖೋಲಿಯ ಅಗಲದ ಅರ್ಧವಾಗುತ್ತಿತ್ತು. ವರ್ಷಗಟ್ಟಲೆ ಎಂಜಿನು ಉಗುಳಿದ ಹರಳೆಣ್ಣೆಯನ್ನು ಅದರ ಹಗುರವಾದ ಕಟ್ಟಿಗೆ ಹೀರಿಕೊಂಡು, ಮುಟ್ಟಿದರೆ ಬೆರಳಿಗೆ ಅಂಟುವ ಕಂದು ಮೇಣವಾಗಿತ್ತು. ಕಾಕಾ ಅದರ ಒಂದು ಮಗ್ಗುಲನ್ನು ಉದ್ದಕ್ಕೂ ಕೊಯ್ದು, ಅಂಚಿಗೆ ಕೆಂಪು ಹಚ್ಚಿ, ಮೇಲೊಂದು ಪಾರದರ್ಶಕ ಹಾಳೆಯನ್ನು ತಿರುಪಿನಿಂದ ಬಿಗಿದ. “ಬಾ ಸುಮಿ, ಇದರ ಹೊಟ್ಟಿ ನೋಡಬಾ. ಈ ಡಬ್ಬಿ ಐತಲ್ಲ, ಇದಕ್ಕ ಕಿವಿ ಅದಾವು. ಕೈಯಾಗಿನ ಪೆಟಗಿ ಅಂದದ್ದು ಕೇಳತೈತಿ, ಕೇಳಿ ಈ ಮೋಟರಿಗಿ ಹೇಳತೈತಿ. ಮೋಟರ ತಂತಿ ಜಗ್ಗತೈತಿ, ಅಲ್ಲಿ ಬಾಲ ಹೊಳ್ಳತೈತಿ.” ಬೆಂಕಿಪೆಟ್ಟಿಗೆಯಷ್ಟೇ ಇದ್ದ ಆ ಮೋಟರುಗಳಿಗೆ ಸರ್ವೋ ಎಂಬ ಹೆಸರೆಂದು ನನಗೆ ತಿಳಿದದ್ದು ಆಮೇಲೆ. ರಿಮೋಟಿನ ಪೆಟ್ಟಿಗೆಯ ಕಡ್ಡಿಯನ್ನು ಅವನು ಅಲ್ಲಾಡಿಸಿದರೆ ವಿಮಾನದ ಕರುಳಿನಂಥ ತಂತಿಗಳು ಸರಿದು ಬಾಲ ತಿರುಗುತ್ತಿತ್ತು. ಅವನಿಗೆ ಅದು ಸಂಭ್ರಮ. ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದೆ. ನಾರುತ್ತದೆ ಎಂದರೆ “ನಿಮ್ಮಪ್ಪನ ಬೂಟಿಗಿಂತ ಪಾಡ ಐತಿ ಬಿಡ” ಎಂದು ನಗುತ್ತಿದ್ದ. ಅದೇ ಕೈಯನ್ನು ಧೋತರದ ಚೂರಿಗೆ ಒರೆಸಿಕೊಂಡು ರೊಟ್ಟಿ ಮುರಿಯುತ್ತಿದ್ದ. ಅವನು ಮುರಿದು ಕೊಟ್ಟ ತುಂಡನ್ನು ನಾನು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದೆ. ಅದನ್ನು ಅವನು ನೋಡಿರಲಿಲ್ಲವೆಂದು ಇಂದು ಹೇಳಲಾರೆ.

ವಿಕ್ರೋಳಿಯ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಗೆ ಮಾದರಿ ಮಾಡುವವನೊಬ್ಬ ಬೇಕಾಗಿದ್ದ. ಪಕ್ಕಾ ನೌಕರಿ. ಶಾಲೆಯ ಸರ್ಟಿಫಿಕೇಟಿಗಿಂತ ಕೈಕೆಲಸ ನೋಡುತ್ತೇವೆ, ಮಾಡಿದ್ದನ್ನು ತಂದು ತೋರಿಸು ಎಂದು ಅವರು ಹೇಳಿ ಕಳುಹಿಸಿದ್ದರು. ಕಾಕಾ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ. ನೌಕರಿಯಾದರೆ ಕನ್ಯೆ ನೋಡುವುದೆಂದು ಅವ್ವ ಊರಿಗೆ ಫೋನು ಮಾಡಿಸಿದಳು. ಆದರೆ ಮಾಸ್ತರರ ಮುಂದೆ ಮಾತಾಡಲು ಅವನಿಗೆ ಬಾಯಿ ಏಳುತ್ತಿರಲಿಲ್ಲ. “ನೀ ಹೇಳು, ನಾ ತೋರಸ್ತೀನಿ,” ಎಂದ. ನಾಲ್ಕು ಸಾಲು ಹಿಂದಿ, ನಡುನಡುವೆ ಇಂಗ್ಲಿಷು. ನಾನು ಬಾಯಿಪಾಠ ಮಾಡಿದೆ. ಮಾಡುತ್ತ ಮಾಡುತ್ತ ನನಗೊಂದು ಚಿಂತೆ ಹತ್ತಿತು. ಇಸ್ತ್ರಿ ಮಾಡಿದ ಯೂನಿಫಾರ್ಮು ತೊಟ್ಟು, ಓದಿದವರ ಮುಂದೆ, ಈ ನಾತದ ಪಕ್ಕದಲ್ಲಿ ನಾನು ನಿಲ್ಲಬೇಕಲ್ಲ!

ಕಾಲೇಜಿಗೆ ಹೋಗಿ ತೋರಿಸಬೇಕಾದ ಹಿಂದಿನ ದಿನ ಭಾನುವಾರ. ಕಾಕಾ ಕ್ಷೌರಕ್ಕೆ ಹೋಗಿದ್ದ, ಅವ್ವ ನಲ್ಲಿಯ ಸರದಿಯಲ್ಲಿದ್ದಳು. ನಾನು ವಿಮಾನವನ್ನು ಮೋರಿಗೆ ಎಳೆದು, ತಿರುಪು ಬಿಚ್ಚಿ ಹಾಳೆ ತೆಗೆದು, ಸ್ನಾನಕ್ಕೆ ಕಾಯಿಸಿದ್ದ ಬಕೆಟ್ ನೀರಿಗೆ ಬಟ್ಟೆ ತೊಳೆಯುವ ಪುಡಿ ಕಲಸಿ ಅದರ ಹೊಟ್ಟೆಗೆ ಸುರಿದೆ. ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿದೆ. ಮಸಿಗಪ್ಪು ಲೋಳೆ ಹರಿಯಿತು. ಅದರಲ್ಲಿ ಜಿರಲೆಯ ಕಾಲುಗಳು, ತತ್ತಿಯ ಚೀಲ, ಯಾರದೋ ಕೂದಲು. ನನಗೆ ವಾಂತಿ ಬಂದರೂ ಬಿಡಲಿಲ್ಲ. ನಾನು ಒಂದು ಪುಣ್ಯದ ಕೆಲಸ ಮಾಡುತ್ತಿದ್ದೇನೆಂಬ ಹುಮ್ಮಸ್ಸು ನನಗಿತ್ತು. ಕಾಕಾ ಬಾಗಿಲಲ್ಲಿ ಬಂದು ನಿಂತಾಗ ಕಟ್ಟಿಗೆ ಉಬ್ಬಿ ಬೆನ್ನು ಬಾಗಿತ್ತು. ಅವನು ವಿಮಾನವನ್ನು ಎತ್ತಿ ವಾಲಿಸಿ ನೀರು ಬಸಿದ. ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಸ್ವಿಚ್ಚು ಹಾಕಿ, ಪೆಟ್ಟಿಗೆಯ ಕಡ್ಡಿಯನ್ನು ಸರಿಸಿದ. ಕಡಿದು ಬಿದ್ದ ಹಲ್ಲಿಯ ಬಾಲದಂತೆ ವಿಮಾನದ ಬಾಲ ಒಮ್ಮೆ ತುಡಿದು ನಿಂತುಹೋಯಿತು.

“ಯಾಕ ತೊಳದಿ?”

“ನಾರತಿತ್ತು.”

“ಹೂಂ. ನಾರತಿತ್ತು, ಖರೆ,” ಎಂದ.

ಅಷ್ಟರಲ್ಲಿ ಅವ್ವ ಕೊಡ ಹೊತ್ತು ಒಳಗೆ ಬಂದು ಒದ್ದೆ ನೆಲವನ್ನು ನೋಡಿ ಗಾಬರಿಯಾದಳು. ನಾನು ಬಾಯಿ ತೆರೆಯುವ ಮುನ್ನವೇ ಕಾಕಾ, “ನನ್ನ ಕೈಯಾಗಿಂದ ಬಕೀಟ ಜಾರಿತ ವೈನಿ,” ಎಂದುಬಿಟ್ಟ. ಅವ್ವ ಕೊಡ ಇಳಿಸುವುದನ್ನೂ ಮರೆತು ಅವನನ್ನು ತರಾಟೆಗೆ ತೆಗೆದುಕೊಂಡಳು: “ಕೈಗೇನ ಲಕವಾ ಹೊಡದೈತೇನೋ ನಿನಗ? ನಾಳೆ ಹೋಗೂದೈತಿ, ಇವತ್ತ ನೀರ ಚೆಲ್ಲಿ ಕುಂತಾನ. ಕನ್ಯಾ ನೋಡಾಕ ಹೋದ್ರ ಅಲ್ಲೂ ಚಾ ಚೆಲ್ಲಾಂವಾ ಇಂವ!” ಕಾಕಾ ನಕ್ಕ. “ಚಾ ಚೆಲ್ಲಂಗಿಲ್ಲ ವೈನಿ, ಕುಡದಬಿಡತೀನಿ.” ನನ್ನ ಮೇಲೆ ಬೀಳಬೇಕಾದ ಪೆಟ್ಟು ತಪ್ಪಿದ ಸಮಾಧಾನದಲ್ಲಿ ನಾನು ಮೂಲೆಯಲ್ಲಿ ಪುಸ್ತಕ ತೆರೆದು ಕೂತೆ.

ಅಂಥ ಮೋಟರು ಮಾರುವ ಅಂಗಡಿ ಅಂದು ಮುಚ್ಚಿತ್ತು, ಕಾರ್ಖಾನೆಯ ಮಾಲೀಕರು ಊರಲ್ಲಿರಲಿಲ್ಲ. ಕಾಕಾ ವಿಮಾನವನ್ನು ತಗಡಿನ ಮಾಡಿನ ಮೇಲೆ ಬಿಸಿಲಿಗಿಟ್ಟು, ಸಂಜೆಯ ಹೊತ್ತಿಗೆ ಅದರ ತಂತಿಗಳಿಗೆ ನಾಲ್ಕು ನೈಲಾನ್ ದಾರ ಕಟ್ಟಿ, ವಿಮಾನ ಕೂರಿಸುವ ಹಲಗೆಯಲ್ಲಿ ತೂತು ಕೊರೆದು, ಮೇಜಿನ ಹಿಂಬದಿಯಿಂದ ಕೆಳಗೆ ಇಳಿಯುವಂತೆ ಬಿಟ್ಟ. ಕಾಲೇಜಿನಲ್ಲಿ ಮೇಜಿಗೆ ಬಟ್ಟೆ ಹೊದಿಸುವುದು, ಅವನು ಮೇಜಿನ ಕೆಳಗೆ ಕೂರುವುದು. ನಾನು ಕಡ್ಡಿ ಸರಿಸುವಾಗ ಲೆಫ್ಟ್, ರೈಟ್, ಅಪ್, ಡೌನ್ ಎಂದು ಗಟ್ಟಿಯಾಗಿ ಹೇಳಬೇಕು. ಅದರಂತೆ ಅವನು ದಾರ ಎಳೆಯಬೇಕು. ಮೋಸವಲ್ಲವೇ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ: “ನೌಕರಿ ಆದ ಮರುದಿನ ಹೊಸಾ ಮೋಟರ ಹಾಕಿ ಕೊಡತೀನಿ. ಒಂದ ದಿನದ ಮಾತು.”

ಕಾಲೇಜಿನಲ್ಲಿ ಆರೇಳು ಮಂದಿ ಅಧ್ಯಾಪಕರು ಬಂದು ನಿಲ್ಲುವ ಮೊದಲೇ ಕಾಕಾ ಮೇಜಿನ ಕೆಳಗೆ ಸೇರಿದ್ದ; ಅವನು ಹೊರಗೆ ಹೋಗಿದ್ದಾನೆ, ಈಗ ಬರುತ್ತಾನೆ ಎಂದು ನಾನು ಅವರಿಗೆ ಹೇಳಿದೆ. ನಾನು ತೊಳೆದದ್ದರಿಂದ ನಾತ ಹೋಗಿರಲಿಲ್ಲ. ಸೋಪಿನ ಪುಡಿಯ ಪರಿಮಳ ಸೇರಿ ಇನ್ನಷ್ಟು ಕೊಳೆತ ಹಾಗಾಗಿತ್ತು. ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. ಆದರೂ ನಾನು ಹೇಳುತ್ತ ಹೋದೆ, ಬಾಲ ಹೇಳಿದಂತೆ ಹೊರಳಿತು, ತಲೆಗಳು ಮೆಚ್ಚುಗೆಯಿಂದ ಆಡಿದವು. ಆಗ ಒಬ್ಬ ಕಿರಿಯ ಅಧ್ಯಾಪಕರು ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಕಡ್ಡಿ ಆಡಿಸತೊಡಗಿದರು. ನಾನು ಅವರ ಬೆರಳನ್ನೇ ನೋಡುತ್ತ ಲೆಫ್ಟ್, ರೈಟ್ ಎಂದು ಒದರುತ್ತಿದ್ದೆ. ಬಾಲ ಒಂದು ಕ್ಷಣ ತಡವಾಗಿ ಹೊರಳುತ್ತಿತ್ತು. ಅವರಿಗೆ ಏನೋ ಹೊಳೆಯಿತು. ಕಡ್ಡಿಯಿಂದ ಬೆರಳು ತೆಗೆದು, ನನ್ನ ಮುಖ ನೋಡುತ್ತ ಸುಮ್ಮನೆ ನಿಂತರು. ಬಾಯಿಪಾಠದ ಭರದಲ್ಲಿದ್ದ ನಾನು “ಲೆಫ್ಟ್” ಎಂದೆ. ಬಾಲ ಎಡಕ್ಕೆ ಹೊರಳಿತು.

“ಬೇಟಾ, ರೇಡಿಯೋ ತುಮ್ಹಾರೇ ಮುಂಹ್ ಮೇಂ ಹೈ ಕ್ಯಾ?” ರೇಡಿಯೋ ನಿನ್ನ ಬಾಯಿಯಲ್ಲಿದೆಯೇನು ಎಂದು ಅವರು ಕೇಳಿದಾಗ ಎದ್ದ ನಗೆ ಇಂದಿಗೂ ನನ್ನ ಕಿವಿಯಲ್ಲಿ ಕೊಳೆಯುತ್ತ ಬಿದ್ದಿದೆ. ಯಾರೋ ಮೇಜಿನ ಬಟ್ಟೆ ಎತ್ತಿದರು. ಹೊಸ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದ ನನ್ನ ಕಾಕಾ ತುದಿಗಾಲಲ್ಲಿ ಕೂತಿದ್ದ. ನಾಲ್ಕು ಬೆರಳುಗಳಿಗೂ ದಾರ ಕಚ್ಚಿ ಕೆಂಪಾಗಿತ್ತು. ಅಷ್ಟಾದರೂ ವಿಭಾಗದ ಮುಖ್ಯಸ್ಥರಾದ ಹಿರಿಯರು ಸಿಟ್ಟಾಗಲಿಲ್ಲ. ಬಗ್ಗಿ ದಾರ ಕಟ್ಟಿದ ರೀತಿಯನ್ನು ನೋಡಿದರು, ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು, ಕೆಲಸ ಚೆನ್ನಾಗಿದೆ ಎಂದರು. ಮೋಟರು ಹೇಗೆ ಕೆಟ್ಟಿತು ಎಂದು ಕೇಳಿದರು. “ಭೀಗ್ ಗಯಾ ಸರ್. ಮೇರೇ ಹಾಥ್ ಸೇ ಬಾಲ್ಟಿ ಗಿರೀ,” ಎಂದ ಕಾಕಾ. ನೆನೆದುಹೋಯಿತು, ಬಕೆಟ್ಟು ತನ್ನ ಕೈಯಿಂದಲೇ ಬಿತ್ತು ಎಂಬ ಅದೇ ಮಾತು, ಅವ್ವನಿಗೆ ಹೇಳಿದಷ್ಟೇ ಸರಾಗವಾಗಿ. ಹಿರಿಯರು, ದಾರದ ಆಟವನ್ನು ಮರೆಯಬಹುದು, ಆದರೆ ಪ್ರಯೋಗಶಾಲೆಯಲ್ಲಿ ಸೂಕ್ಷ್ಮವಾದ ಉಪಕರಣಗಳಿವೆ, ಕೈ ಜಾರುವವನನ್ನು ಅಲ್ಲಿ ಇಟ್ಟುಕೊಳ್ಳಲಾಗದು ಎಂದು ಹೇಳಿದರು. ಕಾಕಾ ಒಮ್ಮೆ, ಒಂದೇ ಒಮ್ಮೆ, ನನ್ನತ್ತ ನೋಡಿದ. ನಾನು ತೊಳೆದೆ ಎಂಬ ಒಂದೇ ಮಾತು ಸಾಕಿತ್ತು. ನಾನು ಯೂನಿಫಾರ್ಮಿನ ತೋಳಿಗೆ ಹತ್ತಿದ ಕಂದು ಕಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತೆ.

ಮರಳುವ ಬಸ್ಸಿನಲ್ಲಿ ಅವನು ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದವನೊಬ್ಬ ಮೀನಿನ ನಾತವೆಂದು ಮುಖ ಕಿವುಚಿ, “ಮಚ್ಛೀ ಹೈ ಕ್ಯಾ ಭಾಯ್?” ಎಂದ. “ವಿಮಾನ್ ಹೈ,” ಎಂದು ಕಾಕಾ ಗಂಭೀರವಾಗಿ ಉತ್ತರಿಸಿದ, “ಉತರ್ ಗಯಾ.” ಇಳಿದುಬಿಟ್ಟಿತು ಎಂಬ ಆ ಮಾತಿಗೆ ಜನ ನಕ್ಕರು. ನಾನು ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಅಪರಿಚಿತಳಂತೆ ಕೂತೆ. ಮನೆಗೆ ಬಂದು ಅವನು ಅವ್ವನಿಗೆ ಹೇಳಿದ್ದು, “ಸುಮಿ ಇಂಗ್ಲೀಷನ್ಯಾಗ ಎಷ್ಟ ಚಂದ ಹೇಳಿದಳ ವೈನಿ,” ಎಂದಷ್ಟೇ.

ಅವನಿಗೆ ಬೇರೆ ನೌಕರಿಯೂ ಆಗಲಿಲ್ಲ, ಮದುವೆಯೂ ಆಗಲಿಲ್ಲ. ಬಕೆಟ್ ಬಿದ್ದ ಕಥೆಯನ್ನು ಅವ್ವ ಎಲ್ಲರಿಗೂ ಹೇಳಿ ಆದದ್ದೊಂದು ಹೆಸರು: ಬಕೀಟ ಸಂಗಪ್ಪ. ಮದುವೆ ಮುಂಜಿಗಳಲ್ಲಿ ಗಾಜಿನ ಲೋಟ ಅವನ ಕೈಗೆ ಬರುತ್ತಿರಲಿಲ್ಲ. ಕೂಸನ್ನು ಎತ್ತಿಕೊಳ್ಳಲು ಹೋದರೆ ಹೆಂಗಸರು ಹುಷಾರು ಹುಷಾರು ಎಂದು ನಗುತ್ತಿದ್ದರು, ಅವನೂ ನಗುತ್ತಿದ್ದ. ನಾನು ನಮ್ಮ ಮನೆತನದ ಮೊದಲ ಪದವೀಧರೆಯಾದೆ. ಕಾರ್ಖಾನೆ ಮುಚ್ಚಿತು, ಚಾಳಿದ್ದ ಜಾಗದಲ್ಲಿ ಈಗ ಇಪ್ಪತ್ತೆರಡು ಮಹಡಿ ಎದ್ದಿದೆ, ಅಪ್ಪ ಹೋದರು, ಎರಡು ವರ್ಷದ ಹಿಂದೆ ಕಾಕಾನೂ ಹೋದ. ಅವನ ದಿನಕರ್ಮದ ಊಟಕ್ಕೆ ಬೊರಿವಲಿಯ ನನ್ನ ಮನೆಯಲ್ಲಿ ಸೇರಿದ ನೆಂಟರು, ಪಂಕ್ತಿಯಲ್ಲಿ ಕೂತು ಪ್ರೀತಿಯಿಂದಲೇ ಆ ಕಥೆ ತೆಗೆದರು. “ಭಾಳ ಒಳ್ಳೇಂವ. ಕೈಯೊಂದ ನೆಟ್ಟಗ ಇದ್ದಿದ್ರ ಕಾಲೇಜ ಸೇರಿ ಸಾಹೇಬ ಆಗತಿದ್ದ,” ಎಂದರು ಊರಿನಿಂದ ಬಂದ ಸೋದರಮಾವ. ಅವ್ವ ಕಣ್ಣೊರೆಸಿಕೊಂಡು, “ಹುಟ್ಟಿದಾಗಿಂದ ಹಂಗ ಇದ್ದ ನನ್ನ ಮೈದುನ. ಸುಮಿ, ನೀನೂ ಇದ್ದೆಲ್ಲ ಅವತ್ತ? ನೀರ ಚೆಲ್ಲಿದ್ದ ನೀ ನೋಡಿಯಲ್ಲ?” ಎಂದು ನನ್ನತ್ತ ತಿರುಗಿದಳು. ಹೌದೆಂದು ತಲೆಯಾಡಿಸಿ, ನಾನು ಮುಂದಿನ ಎಲೆಗೆ ಅನ್ನ ಬಡಿಸಲು ಹೋದೆ.