ಹಸಿರು ಬಟ್ಟೆ ಕಟ್ಟಿದ ಪಾತ್ರೆ

ಸುಳ್ಳು ಅನ್ನಿಸಿದರೆ ಎದ್ದು ಹೋಗಪ್ಪ, ನಾನೇನು ನಿನ್ನ ಕೈಕಾಲು ಕಟ್ಟಿ ಕೂರಿಸಿಕೊಂಡಿಲ್ಲ. ಸೊಪ್ಪು ತಿನ್ನುವವನಿಗೆ ಅಷ್ಟು ಕಸುವು ಎಲ್ಲಿಂದ ಬಂತು ಅಂತ ಕೇಳಿದೆಯಲ್ಲ, ಅದನ್ನು ಸೊಪ್ಪಣ್ಣನ ಎತ್ತುಗಳನ್ನು ಕೇಳಬೇಕಿತ್ತು. ತಮ್ಮ ಮೇವನ್ನೇ ತಿನ್ನುವ ಇವನು ದೂರದ ನೆಂಟನಿರಬೇಕು ಎಂದುಕೊಂಡು ಅವು ತಾವಾಗಿಯೇ ಬಂದು ನೊಗಕ್ಕೆ ಕತ್ತು ಕೊಡುತ್ತಿದ್ದವು. ಅವನು ಬೆಳೆದ ಒಂದು ಕುಂಬಳಕಾಯಿಯೊಳಗೆ ಕೋಳಿಯೊಂದು ಸಂಸಾರ ಹೂಡಿ, ಮರಿಗಳ ಸಮೇತ ಹೊರಗೆ ಬಂದಿತ್ತು. ಸರಿ, ಕೋಳಿಯನ್ನು ಬಿಡು. ಉಳಿದದ್ದೆಲ್ಲ ನಿಜ.

ಊರಿಗೆ ಊರೇ ಕುರಿ ಸಾಕಿ ತಿನ್ನುವವರದು. ತಾನೇ ಹಾಲು ಕುಡಿಸಿ ಬೆಳೆಸಿದ ಮರಿ ಒಂದು ದಿನ ತಟ್ಟೆಗೆ ಬಂದಾಗ ಎದ್ದ ಹುಡುಗ, ಮತ್ತೆ ಮಾಂಸ ಮುಟ್ಟಲಿಲ್ಲ. ಊರು ನಕ್ಕಿತು, ಸೊಪ್ಪಣ್ಣ ಎಂದು ಹೆಸರಿಟ್ಟಿತು, ಸುಮ್ಮನಾಯಿತು. ಸುಮ್ಮನಾಗದವನು ಅವನೊಬ್ಬನೇ.

ಅಲ್ಲಿ ಕೂಲಿಗೆ ಆಳು ಸಿಗುತ್ತಿರಲಿಲ್ಲ. ಇವತ್ತು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ನೀನು ಅವರ ಹೊಲಕ್ಕೆ. ಸಂಜೆ ಹೊಲದವರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಂಡರೇನೇ ಕೆಲಸ ಮುಗಿದಂತೆ. ಸೊಪ್ಪಣ್ಣ ದುಡಿಯುವಾಗ ಎಲ್ಲರಿಗಿಂತ ಮುಂದು. ಊಟದ ಹೊತ್ತಿಗೆ ಮಾತ್ರ ಯಾಕೋ ಹೊಟ್ಟೆ ಸರಿಯಿಲ್ಲ ಎಂದು ಮುಖ ಕಿವುಚಿ, ಬೇಲಿಯಾಚೆ ಹೋಗಿ ತನ್ನ ಡಬ್ಬಿಯ ರೊಟ್ಟಿ, ಮೆಣಸಿನಕಾಯಿ ಬಿಚ್ಚುತ್ತಿದ್ದ. ಮಾಂಸ ಬೇಯಿಸಿದ ಪಾತ್ರೆ, ಮಾಂಸ ತಿರುವಿದ ಸೌಟು ತನಗಾಗದು ಎಂದು, ಪ್ರೀತಿಯಿಂದ ಊಟಕ್ಕೆ ಕರೆದವರಿಗೆ ಹೇಗೆ ಹೇಳುವುದು? ಹೊಟ್ಟೆನೋವು ಯಾರ ಮನಸ್ಸನ್ನೂ ನೋಯಿಸುವುದಿಲ್ಲ ಎಂದು ಅವನ ಲೆಕ್ಕಾಚಾರ.

ಪಕ್ಕದ ಹೊಲದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ, ಊರೆಲ್ಲ ಆಲೂಗಡ್ಡೆ ಅಕ್ಕ ಎಂದೇ ಕರೆಯುತ್ತಿದ್ದ ಅಕ್ಕ ಅವನನ್ನು ಎತ್ತಿ ಆಡಿಸಿದವಳು. ಪ್ರತಿ ಸಲ ಬಾಗಿಲಿನವರೆಗೂ ಬಂದು ಕರೆಯುತ್ತಿದ್ದಳು.

"ಒಳಗೆ ಬಂದು ಒಂದು ಗಳಿಗೆ ಕೂತ್ಕೊಳೋ. ನಿಂಗೇನು ಕಲ್ಲು ಬಡಿಸ್ತೀನಾ?"

"ಮುಂದಿನ ಸಲ ಅಕ್ಕ."

ಮುಂದಿನ ಸಲ ಬರುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ಆ ವರ್ಷವೂ ಅಕ್ಕನ ಹೊಲಕ್ಕೆ ಆಲೂಗಡ್ಡೆ ಅಗೆಯಲು ಸೊಪ್ಪಣ್ಣ ಹೋದ. ಕೆಲಸ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದರೆ, ಅಕ್ಕನ ಸೊಸೆ ಒಂದು ಪುಟ್ಟ ಪಾತ್ರೆಯಿಂದ ನೀರು ಹುಯ್ದಳು. ಅದರ ಹಿಡಿಕೆಗೆ ಹಸಿರು ಬಟ್ಟೆಯ ಚೂರೊಂದನ್ನು ಕಟ್ಟಿದ್ದರು. ಇದೇನಮ್ಮ ಎಂದು ಕೇಳಿದ.

"ಅತ್ತೆ ನಿಮಗೇಂತ ಇಟ್ಟಿದ್ದು ಮಾವ. ಗುರುತಿಗೆ ಬಟ್ಟೆ ಕಟ್ಟಿದ್ರು. ಮಾಂಸ ಸೋಕಿಸೋಕೇ ಬಿಡ್ತಿರಲಿಲ್ಲ. ಪ್ರತಿ ಸಲ ಕಾಳು ಬೇಯಿಸೋರು, ನಿಮಗೆ ಹೊಟ್ಟೆನೋವಲ್ವಾ, ಖಾರ ಹಾಕದೆ. ನೀವು ಬರ್ತಿರಲಿಲ್ಲ. ಮಾರನೇ ದಿನ ಅವರೊಬ್ಬರೇ ಕೂತು ತಿನ್ನೋರು."

ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯಂತೆ ಕಡಿಯುವ ಆಸಾಮಿ ಅವನು.

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ದಾಕ್ಷಿಣ್ಯಕ್ಕೆ ಬರ್ತಾನೆ, ತಾನಾಗೇ ಬರಲಿ ಅಂತಿದ್ರು."

ಇವತ್ತು ಅದರಲ್ಲೇ ನಾಲ್ಕು ಕಾಳು ಬೇಯಿಸಿಕೊಡ್ತೀಯಾ ಎಂದು ಕೇಳಿದ. ಸೊಸೆ ತಲೆ ತಗ್ಗಿಸಿದಳು. ಅತ್ತೆ ತೀರಿಕೊಂಡಾಗ ಮನೆ ತುಂಬ ನೆಂಟರು, ಪಾತ್ರೆ ಸಾಲದೆ ಅದರಲ್ಲೇ ಮಾಂಸ ಬೇಯಿಸಿದ್ದಳಂತೆ. ಆಮೇಲೆ ಅದು ಹಿತ್ತಲಿಗೆ ಬಂದಿತ್ತು.

ಸೊಪ್ಪಣ್ಣ ಹೊಟ್ಟೆ ಹಿಡಿದುಕೊಳ್ಳಲಿಲ್ಲ. ತನ್ನ ಡಬ್ಬಿ ಎತ್ತಿಕೊಂಡು ನೇರ ಒಳಗೆ ಹೋಗಿ, ಎಲ್ಲರ ನಡುವೆ ಕೂತು ರೊಟ್ಟಿ ಮುರಿದ. ಪಕ್ಕದವನು ಸ್ವಲ್ಪ ಜರುಗಿ ಜಾಗ ಮಾಡಿಕೊಟ್ಟು, ಮತ್ತೆ ತನ್ನ ತಟ್ಟೆಗೆ ಬಗ್ಗಿದ, ಅಷ್ಟೇ. ಅಷ್ಟು ಸುಲಭವಾಗಿತ್ತು. ಡಬ್ಬಿ ಹಿಡಿದು ಹೀಗೇ ಒಳಗೆ ಬಂದು ಕೂತಿದ್ದರೂ ಅಕ್ಕನಿಗೆ ಸಾಕಾಗುತ್ತಿತ್ತು. ಅವನು ಬಾಗಿಲ ಕಡೆಗೇ ನೋಡುತ್ತಾ ಅಗಿದ. ಅಲ್ಲಿ ನಿಂತು ಕರೆಯುವವರು ಯಾರೂ ಇರಲಿಲ್ಲ.

ಅಲ್ಲಿಂದಾಚೆಗೆ ಎಲ್ಲರ ಮನೆಯಲ್ಲೂ ಒಳಗೇ ಕೂತು ಡಬ್ಬಿ ಬಿಚ್ಚಿದ. ಆ ಮನೆಗೆ ಹೋಗುವ ದಿನ ಮಾತ್ರ ಮೆಣಸಿನಕಾಯಿ ಒಯ್ಯುತ್ತಿರಲಿಲ್ಲ. ಖಾರವಿಲ್ಲದ ಕಾಳನ್ನು ಅವನೇ ಬೇಯಿಸಿಕೊಂಡು ಹೋಗುತ್ತಿದ್ದ. ರುಚಿ ಹೇಗಿತ್ತೋ, ಎತ್ತುಗಳೂ ಮೂಸಿ ಮುಖ ತಿರುಗಿಸಿದವಂತೆ. ನೀನು ಮತ್ತೆ ನಗುತ್ತಿದ್ದೀಯ. ಆ ಎತ್ತುಗಳ ಪೈಕಿ ಬಿಳಿಯದು ಇತ್ತಲ್ಲ, ಅದು...

ಇರು, ನಿಮ್ಮಜ್ಜಿ ಊಟಕ್ಕೆ ಕೂಗುತ್ತಿದ್ದಾಳೆ. ಏಳು ಏಳು, ಎರಡನೇ ಸಲ ಕೂಗಿಸುವುದು ಬೇಡ.