ಕೈಯಲ್ಲಿದ್ದರೆ ಮಾತ್ರ ನಡೆಯುವ ವಾಚು

ನನ್ನ ಗಂಡನ ವಾಚಿಗೆ ಕೀಲಿಯೂ ಇಲ್ಲ, ಸೆಲ್ಲೂ ಇಲ್ಲ. ಕೈಗೆ ಕಟ್ಟಿ ಓಡಾಡಿದರೆ ನಡೆಯುತ್ತದೆ, ಎರಡು ದಿನ ಬಿಚ್ಚಿಟ್ಟರೆ ನಿಲ್ಲುತ್ತದೆ. ಅವರು ಹೋದ ಮೇಲೆ ಮೂರು ವರ್ಷ, ಬೆಳಿಗ್ಗೆ ಕಾಫಿಗೆ ಮೊದಲು ಅದನ್ನು ಅಲ್ಲಾಡಿಸುವುದು ನನ್ನ ಕೆಲಸವಾಗಿತ್ತು. ಆಮೇಲೆ ಭುಜ ಹಿಡಿದುಕೊಂಡಿತು, ಕೈ ಎತ್ತಲಾಗದೆ ಒಂದು ವಾರ ಬಿಟ್ಟೆ. ನಾಲ್ಕೂವರೆಗೆ ನಿಂತ ಮುಳ್ಳುಗಳನ್ನು ಕಪಾಟು ತೆರೆದಾಗಲೆಲ್ಲ ನೋಡುವುದು ನನ್ನಿಂದಾಗಲಿಲ್ಲ. ಅಂಗಡಿಗೆ ಕೊಟ್ಟರೆ ಅಲ್ಲಿಯೂ ಗಾಜಿನೊಳಗೆ ನಿಂತೇ ಇರುತ್ತದೆ. ಕಟ್ಟಿಕೊಳ್ಳುವವರ ಕೈಗೇ ಹೋಗಲಿ ಎಂದು ಫೋನಿನಲ್ಲಿ, ಹಳೆ ಸಾಮಾನು ಮಾರುವ ಆ್ಯಪಿನಲ್ಲಿ, ಮಾರಾಟಕ್ಕೆ ಹಾಕಿದೆ.

ಮೈಸೂರಿನ ಬ್ಯಾಂಕೊಂದರಲ್ಲಿರುವ ತಂಗಿಯ ಮಗಳು ಒಂದು ಪಟ್ಟಿ ಹೇಳಿ ಬರೆಸಿದಳು. ಒಟಿಪಿ ಕೊಡಬಾರದು. ಮನೆಯ ವಿಳಾಸ ಹೇಳಬಾರದು. ಭೇಟಿ ಬ್ಯಾಂಕಿನೊಳಗೇ, ಹಣ ಖಾತೆಗೆ ಬಿದ್ದ ಮೇಲೆಯೇ ವಾಚು. "ಮತ್ತೆ ದೊಡ್ಡಮ್ಮ, ಒಬ್ಬರೇ ಹೋಗ್ಬೇಡಿ. ಯಾರನ್ನಾದ್ರೂ ಕರ್ಕೊಂಡು ಹೋಗಿ" ಅಂದಳು. ಯಾರನ್ನು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಲಸ ಮುಗಿದ ಕೂಡಲೇ ನಂಬರು ಬ್ಲಾಕ್ ಮಾಡಬೇಕು ಎಂಬುದು ಕೊನೆಯ ಸಾಲು.

ಮೊದಲು ಕರೆ ಮಾಡಿದವನು ಹಿಂದಿಯವನು. ತಾನು ಸೈನಿಕನಂತೆ. ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ ಅಂದ. ಹಣ ಬರುವುದಕ್ಕೆ ನಾನ್ಯಾಕೆ ಪಿನ್ ಒತ್ತಬೇಕು ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಹಿಗ್ಗಾಮುಗ್ಗಾ ಬೈದು ಇಟ್ಟೆ. ಗೆದ್ದ ಖುಷಿ ಐದು ನಿಮಿಷ ಇತ್ತು. ಅಷ್ಟರಲ್ಲಿ, ಆ ಇಡೀ ದಿನ ನಾನು ಮಾತಾಡಿದ ಮನುಷ್ಯ ಅವನೊಬ್ಬನೇ ಎಂಬುದು ಹೊಳೆಯಿತು. ನಾಚಿಕೆಯಾಯಿತು.

ಎರಡನೆಯವರು ವಯಸ್ಸಾದ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಸೌದಿಯಲ್ಲಿ ತಮ್ಮ ಸೇಠನ ಕೈಯಲ್ಲಿ ಇಂಥದ್ದೇ ವಾಚು ನೋಡಿ ಇಪ್ಪತ್ತು ವರ್ಷ ಆಸೆಪಟ್ಟಿದ್ದರಂತೆ. ಆದರೆ ಕೂಡಲೇ, "ಇವತ್ತಿನ ಪೇಪರಿನ ಮೇಲೆ ವಾಚು ಇಟ್ಟು ಫೋಟೋ ಕಳಿಸಿ. ಈಗ ಯಾರನ್ನೂ ನಂಬ್ಲಿಕ್ಕೆ ಆಗುದಿಲ್ಲ" ಅಂದರು.

"ಎಂತ, ನಾನು ಕಳ್ಳಿಯಾ?" ಅಂದೆ.

"ನೀವು ಮನೆಗೆ ಬರ್ಬೇಡಿ ಅಂತೀರಿ, ಫೋನಲ್ಲಿ ಹಣ ಬೇಡ ಅಂತೀರಿ. ನಾನು ಎಂತ ಅಂತ ಗ್ರಹಿಸುದು?"

ಮಾತು ಸರಿಯಾಗಿಯೇ ಇತ್ತು. ಉರಿದುಕೊಂಡೇ ಫೋಟೋ ಕಳಿಸಿದೆ.

ದರ ಮಾತಾಡಿ, ಮರುದಿನ ಹನ್ನೊಂದಕ್ಕೆ ಕಂಕನಾಡಿಯ ಬ್ಯಾಂಕಿಗೆ ಹೋದೆ. ಬಿಳಿ ಟೋಪಿಯ ಮುದುಕರೊಬ್ಬರು ಬೆಂಚಿನಲ್ಲಿ ಕೂತಿದ್ದರು. ಒಂಟಿ ಹೆಂಗಸೆಂದು ಗೊತ್ತಾಗಬಾರದಲ್ಲ, ಯಾರೂ ಇಲ್ಲದ ಫೋನನ್ನು ಕಿವಿಗಿಟ್ಟು ಜೋರಾಗಿ, "ಹಾಂ ಮಗ, ಪಾರ್ಕಿಂಗ್ ಸಿಕ್ತಾ? ನಿಧಾನ ಬಾ" ಅಂದೆ. ಅವರೂ ಬಾಗಿಲ ಕಡೆ ನೋಡಿ, "ನನ್ನ ಮಗನೂ ಹೊರಗೆ ಕಾರಲ್ಲಿದ್ದಾನೆ" ಅಂದರು.

ಅವರು ಕೌಂಟರಿನಲ್ಲಿ ಹಣ ಕಟ್ಟಿದರು, ಖಾತೆಗೆ ಬಿದ್ದ ಮೆಸೇಜು ಬಂತು. ವಾಚು ಕೊಟ್ಟೆ. ಕಟ್ಟಿಕೊಂಡು ತೋಳು ಎರಡು ಸಲ ಆಡಿಸಿದರು. ಸೆಕೆಂಡಿನ ಮುಳ್ಳು ಹೊರಟಿತು. ನನಗೆ ಅಳು ಬಂತು. ಫೋನು ತೆಗೆದು, ಇನ್ನೂ ಬರಲಿಲ್ಲವೆಂದು ಮಗನನ್ನು ಬೈದು ಅದನ್ನು ಮುಚ್ಚಿಕೊಂಡೆ.

ಹೊರಬಂದು ಬಸ್ ಸ್ಟಾಪಿಗೆ ನಡೆದೆ. ಸ್ವಲ್ಪ ಹೊತ್ತಿನಲ್ಲಿ ಬಿಳಿ ಟೋಪಿಯೂ ಅಲ್ಲಿಗೇ ಬಂತು. ಇಬ್ಬರೂ ಬಸ್ ಬರುವ ದಿಕ್ಕನ್ನೇ ನೋಡುತ್ತ ನಿಂತೆವು. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ.

"ಮಗ ಕಾರಲ್ಲಿ ಹೋದನಾ?"

"ನಂಗೆ ಇಬ್ಬರು ಹೆಣ್ಣುಮಕ್ಕಳು ಅಕ್ಕ, ಮದುವೆ ಆಗಿ ಹೋಗಿದ್ದಾರೆ. ಮಗ ಇಲ್ಲ" ಅಂದರು.

"ನಂಗೆ ಅದೂ ಇಲ್ಲ."

ಅವರು ನಗಲಿಲ್ಲ. ಮಣಿಕಟ್ಟು ನೋಡಿಕೊಂಡು, "ಇದು ನಿಂತು ಹೋದ್ರೆ ಎಂತ ಮಾಡುದು?" ಅಂದರು.

"ಹತ್ತು ಸಲ ಮೆಲ್ಲ ಅಲ್ಲಾಡಿಸಿ. ಜೋರಾಗಿ ಬೇಡ."

"ಆಗದಿದ್ರೆ ಫೋನ್ ಮಾಡ್ತೇನೆ."

"ಮಾಡಿ" ಅಂದೆ. ದೇರೆಬೈಲಿನ ಬಸ್ಸು ಬಂತು, ಹತ್ತಿದೆ.

ಸಂಜೆ ತಂಗಿಯ ಮಗಳು ಪಟ್ಟಿಯದ್ದನ್ನೆಲ್ಲ ಒಂದೊಂದಾಗಿ ಕೇಳಿದಳು. ಒಬ್ಬಳೇ ಹೋದದ್ದೊಂದು ಬಿಟ್ಟರೆ ಎಲ್ಲ ಮಾಡಿದೆ, ಬ್ಲಾಕ್ ಕೂಡ ಮಾಡಿದೆ ಅಂದೆ. ಕೊನೆಯದೊಂದು ಸುಳ್ಳು. ಈಗ ಐದು ತಿಂಗಳಾಯಿತು. ವಾಚು ಚೆನ್ನಾಗಿಯೇ ನಡೆಯುತ್ತಿರಬೇಕು, ಫೋನು ಬಂದಿಲ್ಲ.